ಎರಡು ದೋಣಿಯ ಮೇಲೆ ಕಾಲಿಟ್ಟ ಕಾರು



ಅಮೆರಿಕಾಕ್ಕೆ ಹೋಗಿ ಬಂದವರು ನಮ್ಮ ಪತ್ರಿಕೆಗೆ ಬರೆದುಕೊಡುವ ಲೇಖನಗಳಲ್ಲಿ ನಯಾಗರಾ ಜಲಪಾತ, ಸ್ವಾತಂತ್ರ್ಯದೇವಿಯ ಪ್ರತಿಮೆ, ಡಿಸ್ನಿ ಲೋಕ ಈ ಮೂರು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಈ ಲೇಖನದಲ್ಲಿ ಮೂರೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇದು ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಕಥೆ, ಮತ್ತು ಆ ಕಾರು ದಿನವೂ ಓಡಾಡಿದ ಊರುಗಳ ಕಥೆ. 2023ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗೆ ನಾನು ಮಿಶಿಗನ್ ರಾಜ್ಯದ ಕ್ಯಾಂಟನ್ ಎಂಬಲ್ಲಿ ಮಗಳ ಮನೆಯಲ್ಲಿದ್ದೆ. ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಊರು ಅದು. ನಿಮ್ಮಲ್ಲಿ ಹಲವರು ಓದಲು, ಕೆಲಸ ಮಾಡಲು ಆ ಕಡೆಗೆ ಹೊರಡುವವರು. ಇಲ್ಲೇ ಪುಣೆಯಲ್ಲಿ ಉಳಿಯುವವರೂ ಇಂದಲ್ಲ ನಾಳೆ ಕರೆಂಟಿನ ಕಾರು ಕೊಳ್ಳುವ ಮಾತು ಆಡುತ್ತೀರಿ. ಹಾಗಾಗಿ ಇದು ನಿಮಗೆ.

ಕಾರಿನ ವಿಷಯ ಹೆಂಗಸರಿಗೇಕೆ ಎಂದು ನಗುವವರಿಗೆ ನನ್ನ ಉತ್ತರ ಇಷ್ಟೇ: ಮನೆ ನಡೆಸುವವಳಿಗೆ ಇಂಧನದ ಲೆಕ್ಕ ಹೊಸದಲ್ಲ. ಸೌದೆ, ಸೀಮೆಎಣ್ಣೆ, ಗ್ಯಾಸ್, ಕರೆಂಟು ಎಲ್ಲದರ ಲೆಕ್ಕವನ್ನೂ ಅಡಿಗೆಮನೆಯಲ್ಲೇ ಕಲಿತವರು ನಾವು.

ಹಂಡೆಯೂ ಇದೆ, ಗೀಸರೂ ಇದೆ

ಮಗಳ ಕಾರು ಶೆವ್ರೊಲೆ ವೋಲ್ಟ್, 2017ರ ಮಾಡೆಲ್. ಹಿಂದಿನ ಬಾಗಿಲು ಮೇಲಕ್ಕೆ ತೆರೆಯುವ ಹ್ಯಾಚ್‌ಬ್ಯಾಕ್. ಅವಳು ಅದನ್ನು ಕೊಂಡದ್ದು 2023ರಲ್ಲಿ, ಆರು ವರ್ಷ ಹಳೆಯದಾದ ಮೇಲೆ. ಅಂಥ ಹಳೆಯ ಕಾರಿಗೆ, ಬೆಲೆ 25,000 ಡಾಲರಿನ ಒಳಗಿದ್ದು ಡೀಲರ್ ಮೂಲಕ ಕೊಂಡರೆ, ಮತ್ತು ಕೊಳ್ಳುವವರ ಆದಾಯ ಒಂದು ಮಿತಿಯೊಳಗಿದ್ದರೆ, ಅಲ್ಲಿನ ಸರ್ಕಾರ 4,000 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಡುತ್ತಿತ್ತು. ಆ ಸೌಲಭ್ಯ 2025ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯಿತು. ಈಗ ಹೋಗುವವರು ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಈ ಕಾರಿಗೆ 'ಪ್ಲಗ್-ಇನ್ ಹೈಬ್ರಿಡ್' ಎನ್ನುತ್ತಾರೆ. ನಮ್ಮ ಮಲೆನಾಡಿನ ಮನೆಗಳ ಬಚ್ಚಲನ್ನು ನೆನಪು ಮಾಡಿಕೊಂಡರೆ ಸುಲಭವಾಗಿ ತಿಳಿಯುತ್ತದೆ. ಒಂದು ಮೂಲೆಯಲ್ಲಿ ಗೀಸರ್ ಇರುತ್ತದೆ, ಇನ್ನೊಂದು ಮೂಲೆಯಲ್ಲಿ ಹಂಡೆ ಮತ್ತು ಒಲೆ ಇರುತ್ತವೆ. ದಿನದ ಸ್ನಾನಕ್ಕೆ ಗೀಸರ್ ಸಾಕು. ಮದುವೆಗೆಂದು ನೆಂಟರು ತುಂಬಿದರೆ ಹಂಡೆಗೆ ಉರಿ ಹಾಕಲೇಬೇಕು. ವೋಲ್ಟ್ ಕೂಡ ಹಾಗೆಯೇ. ಅದರ ಹೊಟ್ಟೆಯಲ್ಲಿ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ 18.4 ಯೂನಿಟ್ ಹಿಡಿಯುವ ಬ್ಯಾಟರಿ ಇದೆ. ತುಂಬಿಸಿದರೆ ಸುಮಾರು 85 ಕಿ.ಮೀ. ಬರೀ ಕರೆಂಟಿನಲ್ಲಿ ಓಡುತ್ತದೆ. ಅದು ಮುಗಿದ ಮೇಲೆ 1.5 ಲೀಟರಿನ ಪೆಟ್ರೋಲ್ ಇಂಜಿನ್ ತಾನಾಗಿಯೇ ಎದ್ದು ಮುಖ್ಯವಾಗಿ ಕರೆಂಟು ಹುಟ್ಟಿಸುತ್ತದೆ, ಕೆಲವೊಮ್ಮೆ ಚಕ್ರಕ್ಕೂ ನೇರವಾಗಿ ಕೈ ಜೋಡಿಸುತ್ತದೆ. ಎರಡೂ ಸೇರಿ ಒಟ್ಟು 670 ಕಿ.ಮೀ. ದೂರ ಹೋಗಬಹುದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣುವ ಹೈಬ್ರಿಡ್ ಕಾರುಗಳಿಗೆ ಗೋಡೆಯ ಪ್ಲಗ್ಗಿನಿಂದ ಕರೆಂಟು ಕೊಡಲು ಬರುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲೇ.

ಕರೆಂಟಿನ ಕಾರನ್ನು ಮೆಚ್ಚುವವರು ಇದನ್ನು ಪೂರ್ತಿ ಕರೆಂಟಿನದಲ್ಲ ಎಂದು ಮೂಗು ಮುರಿಯುತ್ತಾರೆ. ಪೆಟ್ರೋಲಿನವರು ಇದೇನು ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಎನ್ನುತ್ತಾರೆ. ಆರು ತಿಂಗಳು ಅದರಲ್ಲಿ ಕೂತು ಓಡಾಡಿದ ನನಗೆ ಕಂಡದ್ದು ಬೇರೆ. ಎರಡು ದೋಣಿಗಳನ್ನು ಗಟ್ಟಿಯಾಗಿ ಕಟ್ಟಿ ಮೇಲೆ ಹಲಗೆ ಹಾಸಿದರೆ ಎತ್ತಿನಗಾಡಿಯನ್ನೂ ಹೊಳೆ ದಾಟಿಸಬಹುದು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಮಿಶಿಗನ್ ಅವೆನ್ಯೂ

ಮಗಳ ಕೆಲಸ ಡಿಯರ್‌ಬಾರ್ನ್‌ನಲ್ಲಿ. ಹೋಗಿ ಬರಲು ಸುಮಾರು 58 ಕಿ.ಮೀ. ಸಂಜೆ ಆರಕ್ಕೆ ಬಂದು ಗ್ಯಾರೇಜಿನ ಗೋಡೆಯಲ್ಲಿದ್ದ ಸಾಮಾನ್ಯ ಪ್ಲಗ್ಗಿಗೆ ಕಾರಿನ ತಂತಿ ಸಿಕ್ಕಿಸುವಳು. ಅಲ್ಲಿನ ಮನೆಗಳ ಕರೆಂಟು 120 ವೋಲ್ಟ್. ಆ ಲೆಕ್ಕದಲ್ಲಿ ಖಾಲಿ ಬ್ಯಾಟರಿ ತುಂಬಲು 13 ಗಂಟೆ ಬೇಕು. 240 ವೋಲ್ಟ್ ಇದ್ದರೆ, ಸರಿಯಾದ ಚಾರ್ಜರ್ ಹಾಕಿಸಿದರೆ, ನಾಲ್ಕೂವರೆ ಗಂಟೆ ಸಾಕು. ಹಾಲಿಗೆ ಹೆಪ್ಪು ಹಾಕಿ ಮಲಗಿದಂತೆ ರಾತ್ರಿ ಕಾರಿಗೆ ಪ್ಲಗ್ ಹಾಕಿ ಮಲಗುವುದು. ಬೆಳಿಗ್ಗೆ ಎದ್ದಾಗ ಎರಡೂ ಸಿದ್ಧ.

ಖರ್ಚಿನ ಲೆಕ್ಕ ಕೇಳಿ. ಪೂರ್ತಿ ಒಂದು ಸಲ ತುಂಬಲು, ಸೋರಿಕೆಯೂ ಸೇರಿ, ಹದಿನಾರು ಹದಿನೇಳು ಯೂನಿಟ್. ಯೂನಿಟ್ಟಿಗೆ ಸುಮಾರು 18 ಸೆಂಟ್‌ನಂತೆ ಮೂರು ಡಾಲರ್. ನಾನಿದ್ದಾಗ ಪೆಟ್ರೋಲ್ ಗ್ಯಾಲನ್ನಿಗೆ, ಅಂದರೆ 3.8 ಲೀಟರಿಗೆ, ಮೂರು ಡಾಲರಿನ ಮೇಲೆ ಸ್ವಲ್ಪ ಇತ್ತು. ಅಷ್ಟೇ ದೂರಕ್ಕೆ ಸಾಮಾನ್ಯ ಪೆಟ್ರೋಲ್ ಕಾರು ಆರು ಡಾಲರ್ ಹತ್ತಿರ ನುಂಗುತ್ತದೆ. ಅರ್ಧಕ್ಕರ್ಧ ಉಳಿತಾಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಈ ಕಾರು ಪಾಲಿಸುತ್ತದೆ: ಬ್ಯಾಟರಿ ಇದ್ದಷ್ಟು ದೂರ ಅಗ್ಗ, ಅದರಾಚೆ ದುಬಾರಿ.

ಅವಳು ಹೈವೇ ಬಿಟ್ಟು ಮಿಶಿಗನ್ ಅವೆನ್ಯೂ ಹಿಡಿದು ಹೋದ ದಿನಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಇದು ಡೆಟ್ರಾಯಿಟಿನಿಂದ ಚಿಕಾಗೋವರೆಗೆ ಹೋಗುವ ಹಳೆಯ ರಸ್ತೆ. ಯುರೋಪಿನವರು ಬರುವ ಮೊದಲು ಅಲ್ಲಿನ ಮೂಲನಿವಾಸಿಗಳು ನಡೆದಾಡುತ್ತಿದ್ದ ಕಾಲುದಾರಿಯ ಮೇಲೇ ರೂಪುಗೊಂಡದ್ದು. ಕ್ಯಾಂಟನ್ನಿನ ದೊಡ್ಡ ದೊಡ್ಡ ಅಂಗಡಿಗಳು ಮುಗಿದು ವೇಯ್ನ್, ಇಂಕ್‌ಸ್ಟರ್ ಎಂಬ ಸಣ್ಣ ಊರುಗಳು ಬರುತ್ತವೆ. ಕೆಲವು ಕಡೆ ಹಲಗೆ ಬಡಿದು ಮುಚ್ಚಿದ ಅಂಗಡಿಗಳು, ಖಾಲಿ ನಿವೇಶನಗಳು. ಆಮೇಲೆ ಡಿಯರ್‌ಬಾರ್ನ್. ಹೆನ್ರಿ ಫೋರ್ಡ್ ಕಟ್ಟಿ ಬೆಳೆಸಿದ ಈ ಊರಿನಲ್ಲಿ ಇಂದು ಅರ್ಧಕ್ಕಿಂತ ಹೆಚ್ಚು ಜನ ಅರಬ್ ಮೂಲದವರು. ಅಂಗಡಿಗಳ ಬೋರ್ಡು ಇಂಗ್ಲಿಷಿನಲ್ಲೂ ಇದೆ, ಅರಬ್ಬಿಯಲ್ಲೂ ಇದೆ. ಲೆಬನಾನಿನವರ ಬೇಕರಿಯಲ್ಲಿ ಬಿಸಿ ರೊಟ್ಟಿ ಕೊಂಡು ಕಾರಿನಲ್ಲೇ ತಿಂದದ್ದುಂಟು. ಕೌಂಟರಿನ ಹಿಂದೆ ನಿಂತ ಹುಡುಗರು ಗಿರಾಕಿಗಳ ಜೊತೆ ಇಂಗ್ಲಿಷ್, ಒಳಗಿನ ಅಜ್ಜನ ಜೊತೆ ಅರಬ್ಬಿ ಆಡುತ್ತಿದ್ದರು. ನಡುವೆ ತಡವರಿಕೆಯೇ ಇಲ್ಲ.

ಒಂದು ತಮಾಷೆ ಹೇಳುತ್ತೇನೆ. ಈ ಕಾರಿನ ಪೆಟ್ರೋಲ್ ಟ್ಯಾಂಕನ್ನು ಆವಿ ಹೊರಹೋಗದಂತೆ ಬಿಗಿಯಾಗಿ ಮುಚ್ಚಿರುತ್ತಾರೆ. ಬಂಕಿನಲ್ಲಿ ಒಂದು ಗುಂಡಿ ಒತ್ತಿ, ಒಳಗಿನ ಒತ್ತಡ ಇಳಿಯುವವರೆಗೆ ಕಾಯಬೇಕು, ಆಮೇಲೆ ಮುಚ್ಚಳ ತೆರೆಯಬೇಕು. ಥೇಟು ಪ್ರೆಷರ್ ಕುಕ್ಕರ್! ಇದಕ್ಕೆ ನನಗೆ ಯಾರೂ ಪಾಠ ಹೇಳಿಕೊಡಬೇಕಾಗಲಿಲ್ಲ.

ಕಾರು ತಾನೇ ಕೇಳಿತು

ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಮಗಳು ಬಂಕಿನ ಕಡೆಗೆ ತಲೆ ಹಾಕಲೇ ಇಲ್ಲ. ಎಲ್ಲಾ ಓಡಾಟವೂ ಕರೆಂಟಿನಲ್ಲೇ. ಹೀಗಿರುವಾಗ ಒಂದು ಬೆಳಿಗ್ಗೆ ಕಾರಿನ ಪರದೆಯ ಮೇಲೆ ಸಂದೇಶ ಬಂತು: ಇಂಜಿನ್ ಬಹಳ ದಿನದಿಂದ ಓಡಿಲ್ಲ, ಈಗ ಸ್ವಲ್ಪ ಹೊತ್ತು ಓಡಿಸಬೇಕು. ಸುಮಾರು ಆರು ವಾರ ಇಂಜಿನ್ ಮುಟ್ಟದಿದ್ದರೆ ಈ ಕಾರು ಹೀಗೆ ಕೇಳುತ್ತದಂತೆ. ಎಣ್ಣೆ ಎಲ್ಲಾ ಭಾಗಕ್ಕೂ ಹರಿಯಬೇಕು, ಬಿಡಿಭಾಗಗಳು ಹಿಡಿದುಕೊಳ್ಳಬಾರದು. ಟ್ಯಾಂಕಿನ ಪೆಟ್ರೋಲ್ ಹಳತಾಗಿ ಸುಮಾರು ಒಂದು ವರ್ಷ ಕಳೆದರೆ ಅದನ್ನೂ ತಾನಾಗಿಯೇ ಉರಿಸಿ ಮುಗಿಸುತ್ತದೆ. ಹಳಸಿದ ಪೆಟ್ರೋಲ್ ಕಷ್ಟಕಾಲದಲ್ಲಿ ಕೈಕೊಡಬಾರದಲ್ಲ!

"ನಿನ್ನ ಕನ್ನಡಕ್ಕೂ ಇಂಥದ್ದೊಂದು ಸಂದೇಶ ಬರುವ ಏರ್ಪಾಡು ಇದ್ದಿದ್ದರೆ ಚೆನ್ನಾಗಿತ್ತು ಪುಟ್ಟೀ" ಎಂದೆ.

ಅವಳು ನಕ್ಕಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಹಿಡಿದು ಪುಣೆಯಲ್ಲಿ ಬೆಳೆದವಳು. ನಿಮ್ಮ ಹಾಗೆಯೇ. ಅಲ್ಲಿಗೆ ಹೋದ ಮೇಲೆ ದಿನದ ಓಡಾಟವೆಲ್ಲಾ ಇಂಗ್ಲಿಷಿನಲ್ಲೇ ಮುಗಿಯುತ್ತಿತ್ತು. ಕನ್ನಡದ ಇಂಜಿನ್ ಇದೆ, ಕೆಟ್ಟಿಲ್ಲ. ಆದರೆ ಚಾಲೂ ಮಾಡುವ ಸಂದರ್ಭವೇ ಇಲ್ಲ. ಮಾತು ಅಲ್ಲಿಗೇ ನಿಂತಿತು. ಆದರೆ ಮುಂದಿನ ಭಾನುವಾರ ದೇವಸ್ಥಾನಕ್ಕೆ ಹೋಗುವಾಗ ಅವಳು ಕಾರಿನ ಸ್ಪೀಕರಿನಲ್ಲೇ ಸಾಗರದ ಅಜ್ಜಿಗೆ, ಅಂದರೆ ನನ್ನ ತಾಯಿಗೆ, ಫೋನ್ ಹಚ್ಚಿದಳು. ಅಲ್ಲಿ ಬೆಳಗು, ಇಲ್ಲಿ ಸಂಜೆ. "ಅಲ್ಲಿ ಈಗ ಎಷ್ಟು ಗಂಟೆಯೇ ಕೂಸೇ?" ಎಂದು ಅಜ್ಜಿ ಪ್ರತಿ ಸಲವೂ ಕೇಳುವುದು, ಇವಳು ಪ್ರತಿ ಸಲವೂ ಹೇಳುವುದು. ಅದೊಂದು ವಾರದ ಪದ್ಧತಿಯಾಯಿತು.

ಚಳಿ

ಜನವರಿಯಲ್ಲಿ ಮಿಶಿಗನ್ ಚಳಿ ತನ್ನ ನಿಜರೂಪ ತೋರಿಸಿತು. ಮೈನಸ್ 15 ಡಿಗ್ರಿ. ಮೂಗಿನೊಳಗಿನ ಉಸಿರೇ ಗಟ್ಟಿಯಾದಂತೆ ಅನಿಸುತ್ತದೆ. ಬ್ಯಾಟರಿಗೂ ಚಳಿ ಆಗುವುದಿಲ್ಲ. ಅದರೊಳಗಿನ ರಸಾಯನಕ್ರಿಯೆ ನಿಧಾನವಾಗುತ್ತದೆ, ಮೇಲಾಗಿ ಒಳಗೆ ಕೂತವರನ್ನು ಬೆಚ್ಚಗಿಡಲು ಹೀಟರಿಗೆ ಕರೆಂಟು ಬೇಕು. 85 ಕಿ.ಮೀ. ಓಡುತ್ತಿದ್ದದ್ದು 50ರ ಆಸುಪಾಸಿಗೆ ಇಳಿಯಿತು. ತೀರಾ ಚಳಿಯಿದ್ದ ದಿನ ಬ್ಯಾಟರಿ ತುಂಬಿದ್ದರೂ ಇಂಜಿನ್ ತಾನೇ ಚಾಲೂ ಆಗಿ ಬಿಸಿ ಕೊಡುತ್ತಿತ್ತು.

ಬರೀ ಕರೆಂಟಿನ ಕಾರಾಗಿದ್ದರೆ ಅಂಥ ಸಂಜೆಗಳಲ್ಲಿ ಮನೆ ಮುಟ್ಟುವ ಚಿಂತೆ ನನ್ನಂಥವಳನ್ನು ಕಾಡುತ್ತಿತ್ತು. ಇಲ್ಲಿ ಕೊನೆಯ ಹತ್ತು ಕಿಲೋಮೀಟರು ಪೆಟ್ರೋಲ್ ನೋಡಿಕೊಳ್ಳುತ್ತಿತ್ತು. ಮಗಳು ಎರಡು ಉಪಾಯ ಕಲಿತಿದ್ದಳು. ಹೊರಡುವ ಮೊದಲು, ಪ್ಲಗ್ ಇನ್ನೂ ಗೋಡೆಯಲ್ಲಿರುವಾಗಲೇ ಕಾರನ್ನು ಬೆಚ್ಚಗೆ ಮಾಡಿಕೊಳ್ಳುವುದು. ಆಗ ಮನೆಯ ಕರೆಂಟು ಖರ್ಚಾಗುತ್ತದೆ, ಬ್ಯಾಟರಿಯದಲ್ಲ. ಎರಡನೆಯದು, ಇಡೀ ಕಾರಿಗೆ ಬಿಸಿಗಾಳಿ ಹಾಕುವ ಬದಲು ಕೂರುವ ಸೀಟನ್ನು ಮಾತ್ರ ಬಿಸಿ ಮಾಡಿಕೊಳ್ಳುವುದು.

ಕುಂದುಗಳನ್ನೂ ಹೇಳಬೇಕಲ್ಲ. ಕಾರು ನೆಲಕ್ಕೆ ಹತ್ತಿರ. ಮಂಡಿನೋವಿನವರು ಇಳಿಯುವಾಗ "ಅಮ್ಮಾ" ಎನ್ನಲೇಬೇಕು. ಹಿಂದೆ ಮೂವರ ಸೀಟು ಎಂದು ಹೆಸರು, ಆದರೆ ನಡುವೆ ಬ್ಯಾಟರಿಯ ದಿಬ್ಬವಿದೆ. ಅಲ್ಲಿ ಮಗುವೇ ಕೂರಬೇಕು. ಸ್ಟೆಪ್ನಿ ಇಲ್ಲ, ಗಾಳಿ ತುಂಬುವ ಸಣ್ಣ ಯಂತ್ರವಷ್ಟೇ. ಆದರೆ ಹಿಂದಿನ ಸೀಟು ಮಡಚಿದರೆ ಇಂಡಿಯನ್ ಅಂಗಡಿಯಿಂದ ಅಕ್ಕಿ ಚೀಲ, ಬೇಳೆ, ದೋಸೆ ಕಾವಲಿ ಎಲ್ಲವೂ ಹಿಡಿಯುತ್ತವೆ.

ಕ್ಲಾರಾ ಫೋರ್ಡರ ಕಾರು

ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯ ಇದೆ. ರೋಸಾ ಪಾರ್ಕ್ಸ್ 1955ರಲ್ಲಿ ಸೀಟು ಬಿಟ್ಟುಕೊಡಲು ಒಪ್ಪದ ಆ ಬಸ್ಸು ಅಲ್ಲೇ ಇದೆ. ಒಳಗೆ ಹತ್ತಿ ಕೂರಬಹುದು. ನಾನು ಕೂತೆ. ಅದರ ಬಗ್ಗೆ ಬರೆದರೆ ಇನ್ನೊಂದು ಲೇಖನವಾಗುತ್ತದೆ.

ನನ್ನ ಗಮನ ಸೆಳೆದದ್ದು 1914ರ ಒಂದು ಕಪ್ಪು ಕಾರು. 'ಡೆಟ್ರಾಯಿಟ್ ಎಲೆಕ್ಟ್ರಿಕ್' ಅದರ ಹೆಸರು. ಅದು ಹೆನ್ರಿ ಫೋರ್ಡರ ಹೆಂಡತಿ ಕ್ಲಾರಾ ಅವರದ್ದು. ಗಂಡ ಲಕ್ಷಗಟ್ಟಲೆ ಪೆಟ್ರೋಲ್ ಕಾರು ಮಾಡಿ ಜಗತ್ತಿಗೆ ಮಾರುತ್ತಿದ್ದಾಗ ಹೆಂಡತಿ ಓಡಿಸುತ್ತಿದ್ದದ್ದು ಬೇರೆ ಕಂಪನಿಯ ಕರೆಂಟಿನ ಕಾರು! ಆಗಿನ ಪೆಟ್ರೋಲ್ ಕಾರುಗಳಿಗೆ ಮುಂದೆ ನಿಂತು ಕಬ್ಬಿಣದ ಹಿಡಿಕೆ ತಿರುಗಿಸಬೇಕಿತ್ತು. ಗದ್ದಲ, ಹೊಗೆ ಬೇರೆ. ಕರೆಂಟಿನ ಕಾರು ಸದ್ದಿಲ್ಲದೆ ಹೊರಡುತ್ತಿತ್ತು. ನಂತರ ಪೆಟ್ರೋಲ್ ಕಾರಿಗೂ ಸೆಲ್ಫ್ ಸ್ಟಾರ್ಟರ್ ಬಂತು, ಪೆಟ್ರೋಲ್ ಅಗ್ಗವಾಯಿತು, ಊರ ಹೊರಗೂ ಒಳ್ಳೆಯ ರಸ್ತೆಗಳಾದವು. ಕರೆಂಟಿನ ಕಾರು ಮೂಲೆ ಸೇರಿತು. ಎರಡನ್ನೂ ಸೇರಿಸುವ ಯತ್ನವೂ ಹಳೆಯದೇ. ಚಿಕಾಗೋದ ವುಡ್ಸ್ ಕಂಪನಿ 1916ರ ಹೊತ್ತಿಗೇ ಪೆಟ್ರೋಲ್ ಮತ್ತು ಕರೆಂಟು ಎರಡರಲ್ಲೂ ಓಡುವ ಕಾರು ಮಾರುತ್ತಿತ್ತು. ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಚೇತನ್ ಮೈನಿಯವರ ರೇವಾ ಕಾರು 2001ರಲ್ಲಿ ಬಂದು, ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು.

ಕಾರು ಹುಟ್ಟಿದ ಊರು

ಫೆಬ್ರವರಿಯ ಒಂದು ಶನಿವಾರ ಮಗಳು "ಬಾ ಅಮ್ಮ, ಈ ಕಾರಿನ ತವರುಮನೆ ತೋರಿಸುತ್ತೇನೆ" ಎಂದು ಹ್ಯಾಮ್‌ಟ್ರಾಮಿಕ್‌ಗೆ ಕರೆದುಕೊಂಡು ಹೋದಳು. ಬಹುಪಾಲು ಡೆಟ್ರಾಯಿಟ್ ನಗರದ ಹೊಟ್ಟೆಯೊಳಗೇ ಇರುವ, ಆದರೆ ತನ್ನದೇ ಪುರಸಭೆಯುಳ್ಳ ಪುಟ್ಟ ಊರು. ಜನಸಂಖ್ಯೆ ಸುಮಾರು 28 ಸಾವಿರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡಾಡ್ಜ್ ಕಾರಿನ ಕಾರ್ಖಾನೆಗೆ ದುಡಿಯಲು ಬಂದ ಪೋಲೆಂಡಿನವರು ಇಲ್ಲಿ ತುಂಬಿದ್ದರು. 1987ರಲ್ಲಿ ಪೋಲೆಂಡ್ ಮೂಲದ ಪೋಪ್ ಎರಡನೇ ಜಾನ್ ಪಾಲ್ ಇಲ್ಲಿಗೆ ಬಂದಿದ್ದರು. ಅವರ ಪ್ರತಿಮೆ ಪೇಟೆಬೀದಿಯಲ್ಲಿದೆ. ಈಗ ಬಾಂಗ್ಲಾದೇಶದವರು, ಯೆಮೆನಿನವರು ನೆಲೆಸಿದ್ದಾರೆ. ಕಾನಂಟ್ ಬೀದಿಯಲ್ಲಿ ಬಂಗಾಳಿ ಬೋರ್ಡುಗಳು, ಸೀರೆ ಅಂಗಡಿಗಳು, ಹಾಗಲಕಾಯಿ! ಕಣ್ಣು ಮುಚ್ಚಿ ತೆರೆದರೆ ನಮ್ಮ ದೇಶವೇ.

ಆಗ ಅಲ್ಲಿ 'ಪೋಂಚ್ಕಿ' ಎಂಬ ಪೋಲಿಷ್ ಸಿಹಿತಿಂಡಿಯ ಕಾಲ. ಎಣ್ಣೆಯಲ್ಲಿ ಕರಿದ ದಪ್ಪನೆಯ ಉಂಡೆ, ಒಳಗೆ ಹಣ್ಣಿನ ಪಾಕ. ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಮೊದಲು ಬೇಕರಿಗಳ ಮುಂದೆ ಸಾಲು ನಿಲ್ಲುತ್ತಾರೆ. ಸಾಲಿನಲ್ಲಿ ನನ್ನ ಮುಂದಿದ್ದ ವಯಸ್ಸಾದ ಹೆಂಗಸು ಮಾತಿಗೆ ಸಿಕ್ಕರು. ಅಜ್ಜ ಅಜ್ಜಿ ಪೋಲೆಂಡಿನಿಂದ ಬಂದವರಂತೆ. "ಪೋಲಿಷ್ ಮಾತಾಡುತ್ತೀರಾ?" ಎಂದು ಕೇಳಿದೆ. "ನನಗೆ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ನನ್ನ ಮಕ್ಕಳಿಗೆ ಅರ್ಥವೂ ಆಗುವುದಿಲ್ಲ. ಆದರೆ ಪೋಂಚ್ಕಿ ಮಾತ್ರ ಯಾರೂ ಬಿಟ್ಟಿಲ್ಲ" ಎಂದರು.

ಮಕ್ಕಳೇ, ಈ ಮಾತು ನನಗೆ ಚುಚ್ಚಿತು. ನಮ್ಮ ಸಂಘದ ಯುಗಾದಿ ಊಟದಲ್ಲಿ ಹೋಳಿಗೆಯ ಪಂಕ್ತಿಯಲ್ಲಿ ಕೂತು "ಕನ್ನಡ ಸಮಜ್ತೇ, ಪಣ ಬೋಲತಾ ಯೇತ ನಾಹೀ" ಎಂದು ನೀವೇ ಎಷ್ಟು ಜನ ನನಗೆ ಹೇಳಿಲ್ಲ? ಭಾಷೆ ಹೋದ ಮೇಲೂ ತಿಂಡಿ ಉಳಿಯುತ್ತದೆ, ನಿಜ. ಆದರೆ ತಿಂಡಿ ಮಾತಾಡುವುದಿಲ್ಲ.

ಅಲ್ಲಿಂದ ಕಾರ್ಖಾನೆಯ ಕಡೆಗೆ ಹೋದೆವು. ಡೆಟ್ರಾಯಿಟ್ ಮತ್ತು ಹ್ಯಾಮ್‌ಟ್ರಾಮಿಕ್ ಎರಡರ ಗಡಿಯ ಮೇಲೂ ಹರಡಿಕೊಂಡ ದೊಡ್ಡ ಕಾರ್ಖಾನೆ. ವೋಲ್ಟ್ ಕಾರು ಇಲ್ಲಿ 2010ರ ಕೊನೆಯಲ್ಲಿ ತಯಾರಾಗಲು ಶುರುವಾಗಿ 2019ರ ಫೆಬ್ರವರಿಯಲ್ಲಿ ನಿಂತಿತು. ಜನರಿಗೆ ಎತ್ತರದ ದೊಡ್ಡ ಗಾಡಿಗಳೇ ಬೇಕಾಗಿದ್ದವು. ಈಗ ಅದೇ ಕಾರ್ಖಾನೆಗೆ ಫ್ಯಾಕ್ಟರಿ ಝೀರೋ ಎಂದು ಹೆಸರಿಟ್ಟು ಕರೆಂಟಿನ ದೊಡ್ಡ ಗಾಡಿಗಳನ್ನು ಮಾಡುತ್ತಿದ್ದಾರೆ.

ಆದರೆ ಕಾರ್ಖಾನೆ ಬರುವ ಮೊದಲು ಅಲ್ಲೊಂದು ವಸತಿ ಇತ್ತು. ಪೋಲ್‌ಟೌನ್ ಎಂದು ಅದರ ಹೆಸರು. ಡಾಡ್ಜ್ ಕಾರ್ಖಾನೆ 1980ರಲ್ಲಿ ಮುಚ್ಚಿ ಜನ ಕೆಲಸ ಕಳೆದುಕೊಂಡಿದ್ದರು. ಹೊಸ ಕಾರ್ಖಾನೆ ಬಂದರೆ ಸಾವಿರಾರು ಕೆಲಸ ಬರುತ್ತದೆ ಎಂದು ನಗರಸಭೆ ಆ ಜಾಗವನ್ನು ಕಾನೂನಿನ ಬಲದಿಂದ ವಶಪಡಿಸಿಕೊಂಡು ಕಂಪನಿಗೆ ಕೊಟ್ಟಿತು. ಸುಮಾರು 4,200 ಜನ, 1,300 ಮನೆ, 140 ಅಂಗಡಿ ವ್ಯವಹಾರಗಳು, ಆರು ಚರ್ಚು, ಒಂದು ಆಸ್ಪತ್ರೆ ಎಲ್ಲವೂ ಹೋದವು. ಜನ ಕೋರ್ಟಿಗೆ ಹೋದರು. 1981ರಲ್ಲಿ ಮಿಶಿಗನ್ ಸುಪ್ರೀಂ ಕೋರ್ಟ್ ನಗರಸಭೆಯ ಪರವಾಗಿ ತೀರ್ಪು ಕೊಟ್ಟಿತು. ಕೊನೆಗೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಪ್ರತಿಭಟಿಸಿದವರನ್ನು ಪೊಲೀಸರು ಎಬ್ಬಿಸಿ, ಆ ಚರ್ಚನ್ನೂ ಅದೇ ವರ್ಷ ಜುಲೈನಲ್ಲಿ ಕೆಡವಿದರು. 2004ರಲ್ಲಿ ಅದೇ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ ತನ್ನ ಹಳೆಯ ತೀರ್ಪನ್ನು ತಳ್ಳಿಹಾಕಿತು. ಅಷ್ಟರಲ್ಲಿ ಮನೆಗಳು ಹೋಗಿ 23 ವರ್ಷವಾಗಿತ್ತು.

ಒಂದೇ ಒಂದು ಉಳಿದಿದೆ. ಯಹೂದಿಗಳ ಹಳೆಯ ಸ್ಮಶಾನ, ಬೆತ್ ಓಲೆಮ್. ಕಾರ್ಖಾನೆಯ ಆವರಣದ ಒಳಗೇ ಇದೆ. ವರ್ಷಕ್ಕೆ ಎರಡು ಸಲ, ಅವರ ಹಬ್ಬಗಳಿಗೆ ಮೊದಲು, ಬಾಗಿಲು ತೆರೆಯುತ್ತಾರೆ. ಮನೆಯವರು ಬಂದು ಹಿರಿಯರ ಗೋರಿಗೆ ನಮಸ್ಕರಿಸಿ ಹೋಗುತ್ತಾರೆ.

ಅಜ್ಜಿ ಹೇಳಿದ್ದು

ಬೇಲಿಯ ಹೊರಗೆ ಕಾರು ನಿಲ್ಲಿಸಿಕೊಂಡು ಇದನ್ನೆಲ್ಲಾ ಮಗಳು ಫೋನಿನಲ್ಲಿ ಓದಿ ಹೇಳುತ್ತಿದ್ದಾಗ ನನಗೆ ನೆನಪಾದದ್ದು ಲಿಂಗನಮಕ್ಕಿ. ಶರಾವತಿಗೆ ಅಡ್ಡಲಾಗಿ ಆ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರಿನಲ್ಲಿ ನನ್ನ ತಾಯಿಯ ತವರುಮನೆ ಮುಳುಗಿತು. ಅಷ್ಟನ್ನು ಮಗಳಿಗೆ ಹೇಳಿದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ನಮ್ಮ ಅಮ್ಮ ಆ ವಿಷಯ ಎತ್ತುತ್ತಿರಲಿಲ್ಲ.

ಮರುದಿನ ಭಾನುವಾರ. ಮಗಳು ಫೋನ್ ಹಚ್ಚಿದವಳೇ, "ಅಜ್ಜೀ, ನಿಮ್ಮ ಮನೆ ಮುಳುಗಿದ್ದು ಹೇಗೆ? ನನಗೆ ಹೇಳಿ" ಎಂದು ಕೇಳಿಬಿಟ್ಟಳು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಅಜ್ಜಿ ಶುರು ಮಾಡಿದರು. ನಲವತ್ತು ನಿಮಿಷ.

ನೀರು ಬರುವ ಮೊದಲು ಮಾಡಿನ ಹೆಂಚುಗಳನ್ನು ಒಂದೊಂದಾಗಿ ಇಳಿಸಿ ಗಾಡಿಗೆ ತುಂಬಿದ್ದು. ಕಂಬ, ತೊಲೆ, ಬಾಗಿಲು ಬಿಚ್ಚಿದ್ದು. ಫಲ ಹೊತ್ತು ನಿಂತಿದ್ದ ಅಡಿಕೆ ತೋಟವನ್ನು ಹಾಗೇ ಬಿಟ್ಟು ಬಂದದ್ದು. ಹೊರಡುವ ಬೆಳಿಗ್ಗೆ ಅವರ ಅಮ್ಮ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಕೈ ಮುಗಿದದ್ದು. ದನಗಳು ಹೊಸ ಊರಿನಿಂದ ಹಗ್ಗ ಹರಿದುಕೊಂಡು ಹಳೆಯ ಕೊಟ್ಟಿಗೆಯ ಕಡೆಗೇ ಓಡಿದ್ದು. "ಕರೆಂಟು ಬರ್ತದೆ, ನಾಡಿಗೆ ಬೆಳಕಾಗ್ತದೆ ಅಂದ್ರು. ಹೊಸ ಮನೇಲಿ ನಾವು ಬಹಳ ವರ್ಷ ಚಿಮಣಿ ಬುಡ್ಡೀಲೇ ಇದ್ವು" ಎಂದರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಯಾರೋ ಕೂತು ಕಟ್ಟಿದ್ದಲ್ಲ.

ಲಿಂಗನಮಕ್ಕಿಗೆ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅದೇ ನೀರಿನಲ್ಲಿ ಮುಳುಗಿದೆ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆ ಕಾಣುತ್ತದೆ. ಜನ ಹೋಗಿ ನೋಡಿ ಬರುತ್ತಾರೆ. ಬೆತ್ ಓಲೆಮಿನ ಬಾಗಿಲು ತೆರೆದ ಹಾಗೆ. ಹಿನ್ನೀರಿನ ಆಚೆಯ ಜನ ಸಿಗಂದೂರಿನ ಲಾಂಚ್ ನಂಬಿಕೊಂಡು ದಶಕಗಟ್ಟಲೆ ಕಳೆದ ಮೇಲೆ, 2025ರ ಜುಲೈನಲ್ಲಿ ಅಲ್ಲಿಗೆ ಸೇತುವೆ ಆಯಿತು.

ಮಗಳು ಕಾರನ್ನು ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿ, ಇಳಿಯದೆ ಕೂತು ಪೂರ್ತಿ ಕೇಳಿದಳು. ಅಜ್ಜಿಗೆ ಬರುವುದು ಕನ್ನಡವೊಂದೇ. ಮೊಮ್ಮಗಳಿಗೆ ಕನ್ನಡ ಬಾರದಿದ್ದರೆ ಆ ಬಾವಿ, ಆ ಹೆಂಚು, ಆ ದನ ಎಲ್ಲವೂ ಎರಡನೇ ಸಲ ಮುಳುಗುತ್ತಿದ್ದವು. ಅವಳು ಕೇಳಿದ್ದರಿಂದ ನನಗೂ ಸಿಕ್ಕಿತು.

ನಿಮಗೆ ನಾಲ್ಕು ಮಾತು

ಕರೆಂಟಿನ ಕಾರು ಹೊಗೆ ಉಗುಳುವುದಿಲ್ಲ, ಒಳ್ಳೆಯದೇ. ಆದರೆ ಕರೆಂಟು ಗೋಡೆಯೊಳಗೆ ಹುಟ್ಟುವುದಿಲ್ಲ. ಮಗಳ ಕಾರಿಗೆ ಬರುತ್ತಿದ್ದ ಕರೆಂಟಿನಲ್ಲಿ ಈರಿ ಸರೋವರದ ದಂಡೆಯ ಕಲ್ಲಿದ್ದಲಿನದೂ ಇತ್ತು, ಅಣುಸ್ಥಾವರದ್ದೂ ಇತ್ತು. ನೀವು ಮಳೆಗಾಲದಲ್ಲಿ ಬೈಕ್ ಹತ್ತಿ ಭುಟ್ಟಾ ತಿನ್ನಲು ಹೋಗುವ ಮುಳಶಿ ಕೆರೆಯೂ ವಿದ್ಯುತ್ತಿಗಾಗಿಯೇ ಆದದ್ದು. ಅಲ್ಲಿನ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳ್ತನದಲ್ಲಿ ಸತ್ಯಾಗ್ರಹ ಮಾಡಿದ್ದರು. ತಳೇಗಾಂವ್ ಕಡೆ ಹೋದಾಗ ಕಾಣುವ ದೊಡ್ಡ ಕಾರು ಕಾರ್ಖಾನೆಯಲ್ಲಿ ಇದೇ ಶೆವ್ರೊಲೆ ಕಾರುಗಳು ತಯಾರಾಗುತ್ತಿದ್ದವು; 2020ರ ಕೊನೆಗೆ ಅದು ನಿಂತಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಇದನ್ನು ತಿಳಿದುಕೊಂಡೇ ಗಾಡಿ ಓಡಿಸೋಣ.

ಹಳೆಯ ಪ್ಲಗ್-ಇನ್ ಕಾರು ಕೊಳ್ಳುವುದಾದರೆ ಮೊದಲು ನಿಮ್ಮ ದಿನದ ಓಡಾಟ ಅಳೆಯಿರಿ. ಅದು ಬ್ಯಾಟರಿಯ ಮಿತಿಯೊಳಗೆ ಬಂದರೆ ಮಾತ್ರ ಲಾಭ. ರಾತ್ರಿ ನಿಲ್ಲಿಸುವ ಜಾಗದಲ್ಲಿ ಪ್ಲಗ್ ಇದೆಯೇ ನೋಡಿ. ಇಲ್ಲದಿದ್ದರೆ ಬ್ಯಾಟರಿಯ ಭಾರ ಹೊತ್ತು ಪೆಟ್ರೋಲಿನಲ್ಲಿ ಓಡಾಡಿದ ಹಾಗಾಗುತ್ತದೆ. ಬ್ಯಾಟರಿಯ ವಾರಂಟಿ ಎಷ್ಟು ಬಾಕಿ ಇದೆ ಕೇಳಿ. ವೋಲ್ಟ್‌ಗೆ ಅದು ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿ. ಪೂರ್ತಿ ತುಂಬಿಸಿ, ಖಾಲಿಯಾಗುವವರೆಗೆ ಓಡಿಸಿ, ಎಷ್ಟು ಯೂನಿಟ್ ಖರ್ಚಾಯಿತು ಎಂದು ಪರದೆಯಲ್ಲಿ ನೋಡಿ. ಅಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವುದಿಲ್ಲವೇ, ಹಾಗೆ. ಇಲ್ಲಿನ ಹೌಸಿಂಗ್ ಸೊಸೈಟಿಗಳಲ್ಲಿ ಪ್ಲಗ್ಗಿಗೆ ತಕರಾರು ಬಂದರೆ, ಮನೆಯ ಸಂಪರ್ಕದಿಂದಲೇ ಗಾಡಿ ಚಾರ್ಜ್ ಮಾಡಲು ಅವಕಾಶ ಕೊಡುವ ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಯನ್ನು ತೋರಿಸಿ.

ಇನ್ನೊಂದು ಮಾತು. ಕಾರಿನ ಪರದೆ ಆರು ವಾರಕ್ಕೊಮ್ಮೆ ಎಚ್ಚರಿಸುತ್ತದೆ. ಮನುಷ್ಯರಿಗೆ ಆ ಸೌಕರ್ಯವಿಲ್ಲ, ನಾವೇ ನೆನಪಿಟ್ಟುಕೊಳ್ಳಬೇಕು. ನಿಮ್ಮ ಅಜ್ಜ ಅಜ್ಜಿ ಬಿಜಾಪುರದಲ್ಲೋ, ಧಾರವಾಡದಲ್ಲೋ, ಉಡುಪಿಯಲ್ಲೋ ಇದ್ದರೆ ಈ ಭಾನುವಾರ ಫೋನ್ ಮಾಡಿ. "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡಬೇಡಿ. ಅವರು ಬಿಟ್ಟುಬಂದ ಮನೆಯ ಬಗ್ಗೆ, ದಾಟಿದ ಹೊಳೆಯ ಬಗ್ಗೆ ಒಂದು ಪ್ರಶ್ನೆ ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಕೇಳಿದ್ದನ್ನು ಕನ್ನಡದಲ್ಲೇ ಬರೆದು ನಮ್ಮ ಪತ್ರಿಕೆಗೆ ಕಳಿಸಿ. ಒತ್ತಕ್ಷರ ತಪ್ಪಿದರೆ ಚಿಂತೆ ಬೇಡ, ತಿದ್ದಲು ನಾವೆಲ್ಲಾ ಇದ್ದೇವೆ.